ತೋಳ ಬಿಟ್ಟ ಕಿವಿ

"ಕಿವಿ ಎಲ್ಲೈತಲೇ, ಸೂಳೆಮಗನ?"

ಗೌಡನ ಚಪ್ಪಲಿ ಗೋಣೆಪ್ಪನ ಹೆಗಲಿಗೆ ಬಿತ್ತು. ಅಂಗಳದಲ್ಲಿ ಮಂಡಿಯೂರಿದ್ದ ಅವನ ರುಮಾಲು ಆಗಲೇ ಬಿಚ್ಚಿ ಸಗಣಿಯಲ್ಲಿ ಹೊರಳಿತ್ತು.

"ತ್ವಾಳ ಒಯ್ತರಿ ಧಣೀ. ಹುಡುಕಿದ್ನಿರಿ, ಸಿಗಲಿಲ್ಲರಿ."

"ತ್ವಾಳ ಒಯ್ತೋ, ನೀನ ಮುಂಡರಗಿ ಸಂತಿಗೆ ಒಯ್ದಿಯೋ?"

ಗೌಡನ ಕುರಿಗಳಿಗೆಲ್ಲ ಎಡಗಿವಿಯಲ್ಲಿ ಕತ್ತರಿಸಿದ ಗುರುತಿತ್ತು. ಕಾಯಲು ಕೊಟ್ಟ ಕುರಿ ಸತ್ತರೆ ಕಾಯುವವನು ಆ ಕಿವಿಯನ್ನು ತಂದು ಕಟ್ಟೆಯ ಮೇಲಿಡಬೇಕು. ಕಿವಿ ಬಂದರೆ ಸಾವು ಖರೆ. ಬರದಿದ್ದರೆ ಅವನು ಕಳ್ಳ.

"ನಾಳಿ ಹೊತ್ತು ಮುಳುಗೂದ್ರಾಗ ಕುರಿ ಕಿವಿ ಬರಬೇಕು. ಇಲ್ಲಾಂದ್ರ ನಿಂದ ಕೊಯ್ದು ಇಡತೀನಿ."

ಆಳು ತಿರಕಪ್ಪ ಉಣ್ಣೆ ಕತ್ತರಿಸುವ ಕತ್ತರಿ ತಂದು ಗೋಣೆಪ್ಪನ ಕಿವಿಗೆ ತಾಗಿಸಿದ. "ಗೌಡ್ರ, ಇದು ಆನಿ ಕಿವಿ ಐತ್ರಿ, ಕತ್ರಿ ಸಾಲೂದಿಲ್ಲ!" ಕಟ್ಟೆಯ ಮೇಲೆ ಕುಳಿತವರೆಲ್ಲ ನಕ್ಕರು.

ಬಾಗಿಲಾಚೆ ನಿಂತಿದ್ದ ಗೋಣೆಪ್ಪನ ಮಗಳು ಕಳಕವ್ವ ನೆಲ ನೋಡಿದಳು. ಅಪ್ಪ ಹುಡುಕಿರಲಿಲ್ಲ. ಎಲ್ಲಿದೆಯೆಂದು ಅವನಿಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಕಪ್ಪತಗುಡ್ಡದ ಇಳುಕಲಿನ ಕಲ್ಲುಗವಿಯಲ್ಲಿ ತೋಳ ಮರಿ ಹಾಕಿದ್ದನ್ನು ಇಬ್ಬರೂ ಕಂಡಿದ್ದರು. ಅವತ್ತು ಅಪ್ಪ ಅವಳ ಕೈ ಹಿಡಿದು ಹಿಂದಕ್ಕೆ ಎಳೆದಿದ್ದ. "ಬಾಣಂತಿ ಐತಿ ಒಳಗ. ಯಾರ ಮುಂದೂ ಬಾಯಿ ಬಿಡಬ್ಯಾಡವಾ." ಆಮೇಲೆ ಆ ಕಡೆ ಕುರಿಯನ್ನೂ ಹೊಡೆಯಲಿಲ್ಲ.

ಬೆಳಗಾದ ಮೇಲೆ ಅವಳು ಅಪ್ಪನಿಗೆ ಹೇಳದೆ ಗುಡ್ಡ ಹತ್ತಿದಳು. ತಾಯಿತೋಳ ದೂರದ ಬಂಡೆಯ ಮೇಲೆ ನಿಂತು ನೋಡಿತು. ಹತ್ತಿರ ಬರಲಿಲ್ಲ. ಗವಿಯ ಬಾಯಲ್ಲಿ ಮರಿಗಳು ಒಣಗಿದ ಕಿವಿಯೊಂದನ್ನು ಜಗ್ಗಾಡುತ್ತಿದ್ದವು. ಅವಳನ್ನು ಕಂಡು ಎಲ್ಲ ಒಳಗೆ ಓಡಿದವು, ಒಂದನ್ನು ಬಿಟ್ಟು. ಅವಳು ಕಿವಿ ಎತ್ತಿಕೊಳ್ಳುವಾಗ ಅದು ಅವಳ ಬೆರಳು ನೆಕ್ಕಿತು.

ಕಟ್ಟೆಯ ಮೇಲಿಟ್ಟ ಕಿವಿಯನ್ನು ಗೌಡ ಬೆತ್ತದ ತುದಿಯಿಂದ ಹೊರಳಿಸಿ ಗುರುತು ನೋಡಿದ.

"ಎಲ್ಲಿ ಸಿಕ್ಕಿತಬೇ?"

ಗೋಣೆಪ್ಪ ಮಗಳ ಕಡೆ ನೋಡಿ ಬೇಡವೆಂದು ತಲೆಯಾಡಿಸಿದ. ತಿರಕಪ್ಪ ಕತ್ತರಿಯನ್ನು ಕಚಕಚ ಆಡಿಸುತ್ತಿದ್ದ.

"ಗವ್ಯಾಗರಿ," ಎಂದಳು ಕಳಕವ್ವ.

ಮಧ್ಯಾಹ್ನ ಅವಳನ್ನೇ ಮುಂದೆ ಮಾಡಿಕೊಂಡು ಹೋದರು. ಗವಿಯ ಬಾಯಿಗೆ ಜಾಲಿಮುಳ್ಳು ಒಟ್ಟಿ, ಒಣಮೆಣಸಿನಕಾಯಿ ಸುರಿದರು. ಕಡ್ಡಿ ಗೀರಿದವನು ಗೌಡ. ಒಳಗಿನಿಂದ ಎಳೆಗೂಸುಗಳು ಕೆಮ್ಮಿದಂತೆ ಸದ್ದು ಬಂತು. ಬಹಳ ಹೊತ್ತು ಬಂತು. ಸದ್ದು ನಿಂತ ಮೇಲೆ ಗೌಡ, "ಈಕಿ ಸಣಕಲಿ ಅದಾಳ, ಒಳಗ ತುರುಕ್ರಿ," ಎಂದ.

ಅವಳು ಹೊಟ್ಟೆಯ ಮೇಲೆ ತೆವಳಿ ಹೋಗಿ ಒಂದೊಂದನ್ನೇ ಹೊರಗೆ ಎಳೆದಳು. ಎಲ್ಲವೂ ಇನ್ನೂ ಬೆಚ್ಚಗಿದ್ದವು. ಬೆರಳು ನೆಕ್ಕಿದ್ದು ಯಾವುದೆಂದು ಗೊತ್ತಾಗಲಿಲ್ಲ.

ಅಪ್ಪನ ಕಿವಿ ಉಳಿಯಿತು. ಮನೆಯಲ್ಲಿ ಅವಳು ಮಜ್ಜಿಗೆಯಲ್ಲಿ ಕೈ ತೊಳೆದಳು, ಬೂದಿಯಲ್ಲಿ ತಿಕ್ಕಿದಳು. ಉರಿ ಹೋಗಲಿಲ್ಲ. ಅಪ್ಪ ಬೈದಿದ್ದರೆ ಅಳುತ್ತಿದ್ದಳು. ಅವನು ಅರ್ಧ ರೊಟ್ಟಿ ಮುರಿದು ಅವಳ ಮುಂದಿಟ್ಟು ಎದ್ದುಹೋದ.

ಆ ವಾರವೇ ಊರಿಗೆ ಜೀಪು ಬಂತು. ಗೌಡನ ಪಡಸಾಲೆಯಲ್ಲಿ ಕಾಡಿನ ಸಾಹೇಬ ಅವಲಕ್ಕಿ ತಿನ್ನುತ್ತ, "ತ್ವಾಳ ಕೊಂದ್ರ ಜೇಲು ಅಂತ ಕಾಯ್ದೆ ಬಂದೈತ್ರಿ ಗೌಡ್ರ. ದನಗಾಹಿಗಳು ಖಬರ ಕೊಟ್ಟಾರ. ಯಾರನ್ನರ ಒಯ್ಯಬೇಕಲ್ರಿ," ಎಂದ.

"ಮತ್ಯಾರನ್ರಿ? ಕುರಿ ಕಾಯಾಂವ ಅಲ್ಲೇ ನಿಂತಾನಲ್ರಿ."

ಗೌಡ ಅಂಗಳದಲ್ಲಿದ್ದ ಗೋಣೆಪ್ಪನ ಕಡೆ ಬೆರಳು ತೋರಿಸಿದ. ಎಂದೂ ಆ ಮನೆಯ ಹೊಸ್ತಿಲು ದಾಟದ ಕಳಕವ್ವ ಪಡಸಾಲೆಯೊಳಗೆ ಕಾಲಿಟ್ಟಳು.

"ಜಾಗಾ ತೋರಿಸಿದಾಕಿ ನಾನರಿ. ಬೆಂಕಿ ಹಚ್ಚಿದವ್ರು ಗೌಡ್ರರಿ. ನಮ್ಮಿಬ್ಬರನ್ನ ಒಯ್ರಿ."

ತಟ್ಟೆಯಲ್ಲಿ ಸಾಹೇಬನ ಕೈ ಒಂದು ಗಳಿಗೆ ನಿಂತಿತು. ಅವನು ಗೌಡನ ಮುಖ ನೋಡಿದ. ಆಮೇಲೆ, "ಬಾಯಿ ಭಾಳ ಐತಲ್ಲ ಹುಡುಗಿಗೆ," ಎಂದು ನಕ್ಕ. "ಹೊಲತಿ ಹಂಗ ಒಳಗ ಬಂದಾಳ ನೋಡು, ದಬ್ಬಲೇ ಈ ರಂಡೀನ!" ಎಂದು ಗೌಡ ಕೂಗಿದ.

ಅಪ್ಪನನ್ನು ಹತ್ತಿಸಿಕೊಂಡು ಜೀಪು ಹೊರಟಾಗ ಅವಳು ಪಕ್ಕದಲ್ಲೇ ಓಡಿದಳು. ಅಪ್ಪ ಅವಳನ್ನು ನೋಡಲಿಲ್ಲ. ಗುಡ್ಡದ ಕಡೆ ನೋಡುತ್ತಿದ್ದ.

ಹೊತ್ತು ಮುಳುಗುವಾಗ ಗೌಡನ ಹೊಲದ ಕುರಿಹಟ್ಟಿಗೆ ಹೋದಳು. ಗುಡ್ಡದಲ್ಲಿ ತೋಳ ಕೂಗುತ್ತಿತ್ತು. ಅವಳು ಹಟ್ಟಿಯ ಬಾಯಿಗಿಟ್ಟ ಜಾಲಿಮುಳ್ಳನ್ನು ಬರಿಗೈಯಿಂದ ಎಳೆದು ಹಾಕತೊಡಗಿದಳು.

"ಏ ಹುಚ್ಚೀ! ತ್ವಾಳ ಕೂಗೂದು ಕೇಳವಲ್ದೇನ ನಿನಗ?" ತಿರಕಪ್ಪ ದೂರದಿಂದ ಓಡಿಬಂದ. "ಗೌಡ್ರಿಗೆ ನಾ ಏನ ಹೇಳ್ಲಿ?"

"ಮುಂಜಾನಿ ಅವರ ಬಂದು ಕಿವಿ ಆರಿಸ್ಕೊಳ್ಳಲಿ ಅನ್ನು."

ಕತ್ತರಿ ಹಿಡಿದಿದ್ದ ಆ ಕೈ ಮುಳ್ಳನ್ನು ಮುಟ್ಟಲಿಲ್ಲ.

ಅವಳು ಹಟ್ಟಿಯ ತೆರೆದ ಬಾಯಿಯ ಪಕ್ಕದಲ್ಲಿ ಕುಳಿತು ಕಾದಳು. ಹಿಂದೆ ಕುರಿಗಳು ಒಂದಕ್ಕೊಂದು ಒತ್ತಿ ನಿಂತಿದ್ದವು. ತೋಳ ಕೆಳಗಿಳಿಯಲಿಲ್ಲ. ಗವಿಯ ಕಡೆಯಿಂದಲೇ ಕೂಗುತ್ತಿತ್ತು. ನಿಲ್ಲಿಸಿ, ಒಳಗಿನಿಂದ ಯಾರಾದರೂ ಓಗೊಡುತ್ತಾರೋ ಎಂಬಂತೆ ಕೇಳಿಸಿಕೊಂಡು, ಮತ್ತೆ ಕೂಗುತ್ತಿತ್ತು.