ಹುಬ್ಬಳ್ಳಿಯ ಚೀಟಿ

"ಏಳಿ ಭಟ್ರೇ, ಕೈ ತೊಳೆಯಲೆ ನೀರು ಇದ್ದು," ಎಂದು ದಿನಕರ ಹೆಗಡೆ ಮೂರನೆಯ ಸಲ ಹೇಳಿದರು. ಅವರ ಅಪ್ಪನ ಶ್ರಾದ್ಧ. ಪಿತೃಸ್ಥಾನದಲ್ಲಿ ಕೂತು ಉಂಡ ಬ್ರಾಹ್ಮಣ ಏಳುವ ತನಕ ಮನೆಮಂದಿ ಉಣ್ಣುವ ಹಾಗಿಲ್ಲ. ಎಲ್ಲರ ಹೊಟ್ಟೆಯೂ ತಾಳ ಹಾಕುತ್ತಿತ್ತು. ವಿಘ್ನೇಶ್ವರ ಭಟ್ಟರು ಕೈಯೂರಿ ಏಳಲು ಹೋದರೆ, ತೊಡೆ ಮಾತು ಕೇಳಬೇಕಲ್ಲ! ಧಪ್ಪೆಂದು ಮಣೆಯ ಮೇಲೇ ಕೂತರು.

"ಅಪ್ಪಂಗೆ ಇಲ್ಲೇ ಉಳಿಯ ಮನಸ್ಸು ಕಾಣ್ತು," ಎಂದರು ಯಾರೋ. ಮನೆಯೆಲ್ಲ ನಕ್ಕಿತು. ಕೊನೆಗೆ ಇಬ್ಬರು ಕಂಕುಳಿಗೆ ಕೈಹಾಕಿ ಎಬ್ಬಿಸಿದರು. ನಾಲ್ಕು ತಿಂಗಳಿಂದ ಭಟ್ಟರದು ಇದೇ ಪಾಡು. ಬಾಯಿ ಒಣಗಿ ಮಂತ್ರ ಅರ್ಧಕ್ಕೇ ನಿಲ್ಲುತ್ತಿತ್ತು.

ಹೆಗಡೆ ಒಳ್ಳೆಯವರೇ. ಮರುದಿನ ಭಟ್ಟರನ್ನೂ ಹೆಂಡತಿ ಸೀತಾಳನ್ನೂ ಸಿದ್ದಾಪುರದಿಂದ ಶಿರಸಿಯ ಡಾಕ್ಟರಲ್ಲಿಗೆ ತಮ್ಮ ಜೀಪಿನಲ್ಲೇ ಕರೆತಂದರು. ಡಾಕ್ಟರು ಮಂಡಿ ತಟ್ಟಿದರು, ಕೈ ಹಿಸುಕಿಸಿ ನೋಡಿದರು.

"ಮೈಯೇ ತನ್ನ ನರದ ಮೇಲೆ ತಿರುಗಿ ಬೀಳೋ ಕಾಯಿಲೆ ಇದು. ಬೀಡಿ ಸೇದೋರಿಗೆ ಶ್ವಾಸಕೋಶದಲ್ಲಿ ಕ್ಯಾನ್ಸರ್ ಗಡ್ಡೆ ಆದಾಗ ಹೀಗಾಗೋದುಂಟು. ಸೇದ್ತೀರಾ ಭಟ್ರೇ? ಸೇದೋದಾದ್ರೆ ತಡ ಮಾಡೋ ಹಾಗಿಲ್ಲ, ಇವತ್ತೇ ಹುಬ್ಬಳ್ಳಿಗೆ ಚೀಟಿ ಬರೀತೇನೆ, ಸ್ಕ್ಯಾನ್ ಆಗ್ಲಿ."

ಭಟ್ಟರಿಗೆ ಕೊಟ್ಟಿಗೆಯ ಹಿಂದೆ ದಿನಕ್ಕೆ ಒಂದು ಕಟ್ಟು ಬೀಡಿ ಬೇಕು. ಆದರೆ ಪಕ್ಕದಲ್ಲಿ ಹೆಗಡೆ ನಿಂತಿದ್ದಾರೆ. ಹೌದೆಂದರೆ ನಿನ್ನೆಯ ಶ್ರಾದ್ಧ ಹಾಳು, ಹನ್ನೆರಡು ಮನೆಯ ಪೌರೋಹಿತ್ಯ ಹೋಯಿತು.

"ಛೆ, ಎಂಥಾ ಮಾತು ಡಾಕ್ಟ್ರೆ! ವೈದಿಕರ ಮನೆ ನಮ್ದು," ಎಂದಳು ಸೀತಾ.

"ಅವರೇ ಹೇಳ್ಲಿ."

ಭಟ್ಟರು ಹೆಂಡತಿಯ ಮುಖ ನೋಡಿದರು. ಪಾಪ, ಇವಳಿಗೇನು ಗೊತ್ತು! "ಇಲ್ಲ," ಎಂದರು.

ಡಾಕ್ಟರು ಅರ್ಧ ಬರೆದ ಚೀಟಿಯನ್ನು ಹರಿದರು. "ಹಾಗಾದ್ರೆ ಅವಸರ ಇಲ್ಲ. ಗುಳಿಗೆ ತಗೊಳ್ಳಿ, ಮೂರು ತಿಂಗಳು ಬಿಟ್ಟು ನೋಡೋಣ."

ಹೊರಗೆ ಬಂದ ಹೆಗಡೆಗೆ ಖುಷಿಯೋ ಖುಷಿ. "ಬಪ್ಪ ತಿಂಗ್ಳು ಆಯಿ ಶ್ರಾದ್ಧ ಇದ್ದು. ನಿಂಗವೇ ಬರವು," ಎಂದು ತಾಯಿಯ ಶ್ರಾದ್ಧಕ್ಕೂ ಭಟ್ಟರನ್ನೇ ಕರೆದು ಜೀಪು ಹತ್ತಿದರು. ಭಟ್ಟರು ಹೇಗೋ ಸೀಟಿನ ಅಂಚಿಗೆ ಕೂತರು, ಕಾಲು ಮಾತ್ರ ಮೇಲೆ ಬರಲಿಲ್ಲ. ಸೀತಾ ಬಗ್ಗಿ ಎರಡೂ ಕೈಯಿಂದ ಒಂದು ಕಾಲೆತ್ತಿ ಒಳಗಿಟ್ಟಳು.

"ಇಪ್ಪತ್ತು ವರ್ಷದಿಂದ ನಿಂಗಳ ಬೀಡಿ ತುಂಡು ನಾನೇ ಹೆಕ್ಕಿ ಗೊಬ್ಬರಗುಂಡಿಗೆ ಹಾಕ್ತಾ ಇದ್ದಿ," ಎಂದಳು ಮೆಲ್ಲಗೆ, ತಲೆಯೆತ್ತದೆ. "ಇನ್ನಾದ್ರೂ ಬಿಟ್ಟುಬಿಡಿ."

ಭಟ್ಟರು ಅವಳ ಬೈತಲೆಯನ್ನೇ ನೋಡುತ್ತ ಕೂತರು. ಸೀತಾ ಇನ್ನೊಂದು ಕಾಲನ್ನೂ ಎತ್ತಿ ಒಳಗಿಟ್ಟು, ಪಾದಕ್ಕೆ ಮೆತ್ತಿದ ಕೆಂಪು ಮಣ್ಣನ್ನು ಸೆರಗಿನಿಂದ ಒರೆಸಿದಳು.