ಮರಿ ಕಾಯುವ ಕೊರಮೀನು

ನಮ್ಮ ಹಟ್ಟಿಯ ಕೆರೆಗೆ ನಾನೇ ವಾಚ್‌ಮನ್. ಕೆರೆಯನ್ನು ಗುತ್ತಿಗೆ ಹಿಡಿದ ಮೀನುಗಾರರ ಸಂಘದವರು ಏಳು ವರ್ಷದ ಹಿಂದೆ ನನ್ನ ಕೈಗೊಂದು ಸೀಟಿ ಕೊಟ್ಟು, ಏರಿಯ ಮೇಲೊಂದು ಬೋರ್ಡು ನೆಟ್ಟು ಹೋದರು. ಜೂನ್, ಜುಲೈ ಮೀನು ಮರಿ ಮಾಡುವ ಕಾಲ. ಆ ಎರಡು ತಿಂಗಳು ಬಲೆ ಬಿಡುವಂತಿಲ್ಲ, ಗಾಳ ಹಾಕುವಂತಿಲ್ಲ. ಸಣ್ಣ ಕಣ್ಣಿನ ಬಲೆಯಂತೂ ವರ್ಷವಿಡೀ ಇಲ್ಲ. ಕಂದಿಕೆರೆ ಕಡೆಯಿಂದ ಬೈಕಿನಲ್ಲಿ ಬರುವ ಷೋಕಿಲಾಲರಿಂದ ನಾನು ಕಿತ್ತುಕೊಂಡ ಗಾಳದ ಕೋಲುಗಳು ನಮ್ಮ ಮನೆಯ ಅಟ್ಟದ ತುಂಬ ಇವೆ. ಚಿತ್ತಣ್ಣನ ಕಣ್ಣು ತಪ್ಪಿಸೋದು ಕಷ್ಟ ಅಂತ ಜನ ಅಂದರೆ ನನಗೆ ಒಳಗೊಳಗೇ ಖುಷಿ. ಆ ಜಂಬ ಈಗಿಲ್ಲ.

ತಿಪ್ಪೇಸ್ವಾಮಿ ನನ್ನ ತಂಗಿ ವನಜಾಳ ಗಂಡ. ಹಗಲೆಲ್ಲ ತೋಟದವರ ಮನೆಗಳಲ್ಲಿ ಕಾಯಿ ಸುಲಿಯುತ್ತಿದ್ದ, ಸಂಜೆ ಕೆರೆಗೆ ಬಂದು ಕೂರುತ್ತಿದ್ದ. ಗಾಳ ಹಾಕುವುದರಲ್ಲಿ ಅವನ ಸಮ ನಮ್ಮ ಸೀಮೆಯಲ್ಲಿ ಯಾರೂ ಇರಲಿಲ್ಲ. ಆದರೆ ಬೋರ್ಡು ಬರುವ ಎಷ್ಟೋ ಮೊದಲಿಂದಲೂ, ಮುಂಗಾರು ಬಿತ್ತೆಂದರೆ ಅವನ ಗಾಳ ಸೂರಿಗೆ ಸಿಕ್ಕಿಸಿದ್ದು ಸಿಕ್ಕಿಸಿದ ಹಾಗೇ. ಕೊರಮೀನಿನ ಸಂಸಾರವನ್ನು ನನಗೆ ತೋರಿಸಿಕೊಟ್ಟವನೂ ಅವನೇ. ಮರಿಗಳು ನೀರಿನ ಮೇಲೆ ಮೊರದಗಲ ಕೆಂಪಗೆ ಗುಂಪುಗಟ್ಟಿ, ಕುದಿಯುವ ಎಸರಿನ ಹಾಗೆ ಪುಳಪುಳ ಅನ್ನುತ್ತಿರುತ್ತವೆ. ಅವುಗಳ ಕೆಳಗೆ ದೊಡ್ಡ ಮೀನು ಕಾವಲಿರುತ್ತದೆ. ಆ ಹೊತ್ತಿನಲ್ಲಿ ಅದಕ್ಕೆ ತಿನ್ನುವ ಯೋಚನೆ ಇಲ್ಲ, ಆದರೆ ಮರಿಗಳ ಹತ್ತಿರ ಏನೇ ಬಿದ್ದರೂ ಮೇಲೆ ಬೀಳುತ್ತದೆ.

"ಇದುನ್ನ ಹಿಡಿಯಾಕೆ ಕೈಚಳಕ ಬ್ಯಾಡ ಕಣ್ಲಾ ಚಿತ್ತ," ಅನ್ನುತ್ತಿದ್ದ ಭಾವ. "ಎಂಥಾ ದಡ್ಡ ಗಾಳ ಎಸುದ್ರೂ ಬಂದು ಬೀಳುತ್ತೆ. ಅದುಕ್ಕೇ ಹಿಡೀಬಾರ್ದು. ಮರಿ ಕಪ್ಪಗಾಗೋಗಂಟ ಬುಟ್ಬುಡ್ಬೇಕು. ಕಪ್ಪಗಾದ್ರೆ ಇನ್ನ ಅವು ಬದುಕ್ಕೊತ್ತವೆ."

ಈ ವರ್ಷ ಯುಗಾದಿ ಕಳೆದ ಮೇಲೆ ಭಾವನ ಗಂಟಲಲ್ಲಿ ಗಡ್ಡೆ ಇರುವುದು ಗೊತ್ತಾಯಿತು. ಜೂನ್ ಕೊನೆಯಲ್ಲಿ ತುಮಕೂರಿನ ಡಾಕ್ಟರು, ಇನ್ನು ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಅಂದು ಕಳಿಸಿಬಿಟ್ಟರು. ಗಂಜಿ, ಎಳನೀರು ಬಿಟ್ಟರೆ ಬೇರೇನೂ ಇಳಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ ವನಜಾ ಏರಿ ಹತ್ತಿ ನನ್ನ ಹತ್ತಿರ ಬಂದಳು.

"ಅಣ್ಣ, ಅವ್ರು ಕೊರಮೀನ್ ಸಾರು ಕೇಳ್ತಾವ್ರೆ."

"ಹುಳಿಯಾರಲ್ಲಿ ತಗಂಡ್ ಬಾ."

"ಅಲ್ಲಿ ಐಸಲ್ಲಿಟ್ಟಿರೋ ಕಾಟ್ಲಾ ಐತೆ ಅಷ್ಟೆ. ತಂದು ಮಾಡ್ದೆ. ವಾಸ್ನೆಗೇ ಮಕ ತಿರುಗಿಸ್ಬುಟ್ರು."

"ಆಗಸ್ಟ್ ಬರ್ಲಿ ತಾಯಿ. ಯಾರ್ ಕೈಲಾದ್ರೂ ಹಿಡಿಸ್ಕೊಡ್ತೀನಿ."

"ಆಗಸ್ಟ್‌ಗಂಟ ಇರಲ್ಲ ಅಣ್ಣ," ಅಂದಳು ವನಜಾ. ಜಗಳವಾಡಲಿಲ್ಲ. ಸೆರಗಿನಲ್ಲಿ ಮೂಗೊರೆಸಿಕೊಂಡು ಏರಿ ಇಳಿದು ಹೋದಳು.

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ, ಆ ಬೋರ್ಡಿನ ಮೇಲೆ, ಏಳು ವರ್ಷ ಊರಿಗೆಲ್ಲ ಪಾಠ ಹೇಳಿದ ನನ್ನ ಬಾಯಿಯ ಮೇಲೆ. ಮಾರನೆಯ ದಿನ ಬೆಳಕು ಹರಿಯುತ್ತಲೇ ಅಟ್ಟದಿಂದ ಯಾರದೋ ಕೋಲು ಇಳಿಸಿಕೊಂಡು ಕೆರೆಯ ಹಿಂದಿನ ಮೂಲೆಗೆ ಹೋದೆ. ಕಳ್ಳನ ಹಾಗೆ ಹಿಂದೆ ಮುಂದೆ ನೋಡಿ, ಗಾಳಕ್ಕೆ ಕಪ್ಪೆ ಸಿಕ್ಕಿಸಿ ಎಸೆದೆ. ಮೀನು ಹಿಡಿಯುವವರನ್ನು ಹಿಡಿದು ನನಗೆ ಅಭ್ಯಾಸವೇ ಹೊರತು ಮೀನನ್ನಲ್ಲ. ಮೂರು ದಿನ ಒಂದೂ ಮುಟ್ಟಲಿಲ್ಲ. ನಾಲ್ಕನೆಯ ದಿನ ಜೊಂಡಿನ ಪಕ್ಕದಲ್ಲಿ ನೀರು ಕೆಂಪಗೆ ಪುಳಗುಟ್ಟುತ್ತಿರುವುದು ಕಂಡಿತು.

ಬೇಡ ಅಂದುಕೊಂಡು ಎರಡು ಸಲ ಏರಿಯವರೆಗೂ ವಾಪಸ್ ನಡೆದೆ. ಮೂರನೆಯ ಸಲ ನಿಂತು ಎಸೆದೇಬಿಟ್ಟೆ. ಕಪ್ಪೆ ನೀರು ಮುಟ್ಟಿತೋ ಇಲ್ಲವೋ, ಮೀನು ನುಗ್ಗಿ ಬಂತು. ಮೊಳದುದ್ದ ಇತ್ತು. ದಡದಲ್ಲಿ ಅದು ಒದ್ದಾಡುತ್ತಿರುವಾಗಲೇ ಅತ್ತ ಮರಿಗಳ ಮೇಲೆ ಬೇರೆ ಮೀನುಗಳು ಬಿದ್ದವು. ಒಂದು ನೀರುಕಾಗೆಯೂ ಬಂತು. ನಾನು ಕಲ್ಲೆಸೆದೆ, ಅದು ಹಾರಿ ಮತ್ತೆ ಅಲ್ಲೇ ಇಳಿಯಿತು. ಎಷ್ಟು ಕಲ್ಲು ಎಸೆಯಲಿ. ಮೀನನ್ನು ಟವೆಲಿನಲ್ಲಿ ಸುತ್ತಿಕೊಂಡು ತಂಗಿಯ ಮನೆಗೆ ಹೋದೆ.

ಅಂಗಳದ ತೆಂಗಿನ ಮರದ ನೆರಳಿನಲ್ಲಿ ಭಾವನ ಮಂಚ ಹಾಕಿದ್ದರು. ಎಷ್ಟೋ ತಿಂಗಳಿಂದ ಕಾಣದಿದ್ದ ನಗು ವನಜಾಳ ಮುಖದಲ್ಲಿ ಕಂಡಿತು. ಗಂಡನಿಗೆ ಕಾಣಲಿ ಅಂತ ಅವನ ಎದುರೇ ಈಳಿಗೆಮಣೆ ಹಾಕಿಕೊಂಡು ಕೂತಳು. ಭಾವ ಕೈ ಚಾಚಿ ಮೀನಿನ ಬಾಯಿ ತಡವಿದ. ಗಾಳ ನುಂಗಿದ ಗುರುತಿರಲಿಲ್ಲ, ತುಟಿಯ ಹೊರಗಡೆ ಗಾಯವಾಗಿತ್ತು. ಅವಳು ಹೊಟ್ಟೆ ಸೀಳಿದಾಗ ಕತ್ತು ನೀಡಿ ನೋಡಿದ. ಒಳಗೆ ಏನೂ ಇರಲಿಲ್ಲ.

"ಇದು ಯಾವ ತಿಂಗ್ಳೇ ವನಜಾ?" ಅಂತ ಕೇಳಿದ.

"ಜುಲೈ ಕಣ್ರೀ. ಯಾಕೆ?"

"ಸುಮ್ನೆ ಕೇಳ್ದೆ."

ಅವನು ನನ್ನ ಕಡೆ ನೋಡಿದ. ನಾನು ತೆಂಗಿನ ಗರಿ ನೋಡುತ್ತಾ ನಿಂತೆ.

ಕಾಯಿ ರುಬ್ಬಿ ಹಾಕಿ, ಖಾರ ಕಡಿಮೆ ಮಾಡಿ, ಸಾರನ್ನು ಸೋಸಿ ತಂದಳು ವನಜಾ. ಒಂದೊಂದೇ ಚಮಚ ಕುಡಿಸಿದಳು. ಪ್ರತಿ ಗುಟುಕಿಗೂ ಅವನ ಕಣ್ಣಲ್ಲಿ ನೀರು ಬರುತ್ತಿತ್ತು. ಆದರೂ ಒಂದು ಬಟ್ಟಲು ಪೂರ್ತಿ ಕುಡಿದ.

"ಚೆನ್ನಾಗೈತಾ?"

"ಚೆನ್ನಾಗೈತೆ ಕಣೇ."

ಅವಳು ಅಳುತ್ತಾ ನಗುತ್ತಾ ಇನ್ನೊಂದು ಬಟ್ಟಲು ತರಲು ಒಳಗೆ ಹೋದಳು. ಭಾವ ನನ್ನನ್ನು ಹತ್ತಿರ ಕರೆದ.

"ಮರಿ ಕೆಂಪಗಿದ್ವಾ, ಕಪ್ಪಗಾಗಿದ್ವಾ?"

ಕಪ್ಪಗಾಗಿದ್ದವು ಅಂದುಬಿಡಬಹುದಿತ್ತು. ಸಾಯುವವನ ನೆಮ್ಮದಿಗೆ ಅಷ್ಟು ಸುಳ್ಳು ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು. ಬಾಯಿಗೆ ಬರಲಿಲ್ಲ.

"ಕೆಂಪಗಿದ್ವು ಭಾವ."

"ನಾನು ಕೇಳ್ಬಾರ್ದಿತ್ತು ಕಣ್ಲಾ. ಮಲಗಿ ಮಲಗಿ ತಿಂಗ್ಳೇ ಮರ್ತೋಗಿತ್ತು." ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. "ಅವ್ಳಿಗೆ ಹೇಳ್ಬ್ಯಾಡ," ಅಂದು ಆ ಕಡೆ ಮಗ್ಗುಲಾದ. ವನಜಾ ತಂದ ಎರಡನೆಯ ಬಟ್ಟಲಿಗೆ, ಹೊಟ್ಟೆ ತುಂಬಿದೆ ಅಂದ.

ಐದನೆಯ ದಿನ ಹೋಗಿಬಿಟ್ಟ. ಮಣ್ಣಿಗೆ ಬಂದವರಿಗೆಲ್ಲ ವನಜಾ ಹೇಳಿದ್ದೇ ಹೇಳಿದಳು: "ನಮ್ಮಣ್ಣ ಕೆಲ್ಸ ಹೋದ್ರೆ ಹೋಗ್ಲಿ ಅಂತ ಮೀನ್ ತಂದ. ಅವ್ರು ಬಾಯಾರ ಉಂಡು ಹೋದ್ರು." ಸಂಘದ ಕಾರ್ಯದರ್ಶಿ ಮರುಳಪ್ಪನವರೂ ಕೇಳಿಸಿಕೊಂಡರು. ನಾನು ಜೇಬಿನಿಂದ ಸೀಟಿ ತೆಗೆದು ಅವರ ಮುಂದೆ ಹಿಡಿದರೆ, "ಇಟ್ಕಳಪ್ಪ, ಒಳ್ಳೇ ಕೆಲ್ಸ ಮಾಡಿದ್ದೀಯ ಬುಡು," ಅಂದು ಬೆನ್ನು ತಟ್ಟಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ತಿಥಿಯ ಹಿಂದಿನ ದಿನ ವನಜಾ ನನ್ನನ್ನು ಕರೆಸಿದಳು.

"ಅಣ್ಣ, ಎಡೆಗೆ ಕೊರಮೀನ್ ಸಾರು ಇಡ್ಬೇಕು. ಇನ್ನೊಂದು ಹಿಡ್ಕೊಂಡ್ ಬಾ."

"ಆಗಲ್ಲ ವನಜಾ."

"ಯಾಕೆ?"

"ಇನ್ನೂ ಜುಲೈ ಕಣಮ್ಮ. ಕಾನೂನು."

ಅವಳು ನನ್ನನ್ನೇ ನೋಡಿದಳು. "ಅವತ್ತಿಲ್ದಿದ್ದ ಕಾನೂನು ಇವತ್ತು ಬಂತಾ? ಸತ್ತೋನು ತಾನೆ, ಏನ್ ಕೇಳ್ತಾನೆ ಅಂತಲಾ?"

ನಿಜ ಹೇಳಬಹುದಿತ್ತು. ಗಂಡನಿಗೆ ಕೊನೆಗೊಂದು ಸುಖ ಕೊಟ್ಟೆ ಅನ್ನುವ ಸಮಾಧಾನ ಅವಳಿಗಿರುವುದು ಆ ಒಂದು ಬಟ್ಟಲು ಸಾರಿನಿಂದ ಮಾತ್ರ. ಅದನ್ನೂ ಕಿತ್ತುಕೊಳ್ಳಲು ನನ್ನಿಂದಾಗಲಿಲ್ಲ.

ಎಡೆಗೆ ಕೋಳಿ ಸಾರು ಇಟ್ಟರು. ಊಟಕ್ಕೆ ಕೂತವರಿಗೆಲ್ಲ ವನಜಾ ತಾನೇ ಬಡಿಸಿಕೊಂಡು ಬಂದಳು. ನನ್ನ ಎಲೆಯ ಹತ್ತಿರ ಬಂದಾಗ ಸೌಟನ್ನು ಪಕ್ಕದ ಮನೆಯ ಜಯಕ್ಕನ ಕೈಗೆ ಕೊಟ್ಟು ಒಳಗೆ ಹೋದಳು.