ಅಮ್ಮ ಫೋನ್ ಮಾಡದ ಮಧ್ಯಾಹ್ನ

ಮಗಳು ಕಾಲೇಜಿಗೆ ಹೊರಟರೆ ಅಮ್ಮನ ಜೀವವೆಲ್ಲ ಫೋನಿನಲ್ಲಿ. ಬಸ್ಸು ಸಿಕ್ಕಿತಾ, ಊಟ ಆಯಿತಾ, ಯಾಕೆ ಎತ್ತಲಿಲ್ಲ? ಎತ್ತುವ ತನಕ ಬಿಡುವವಳಲ್ಲ. ಬೀದಿ ತುದಿಯ ತನ್ನ ಹೊಲಿಗೆ ಅಂಗಡಿಯಲ್ಲಿ ಒಂದು ಕೈ ಬಟ್ಟೆಯ ಮೇಲಿದ್ದರೆ ಇನ್ನೊಂದು ಕೈ ಫೋನಿನ ಮೇಲೆ. ಅಮ್ಮನ ಕರೆ ಬಂದರೆ ಮಗಳ ಫೋನಿನಲ್ಲಿ ಕೋಳಿ ಕೂಗುತ್ತಿತ್ತು. ಕೂಗಿದ ಕೂಡಲೇ ಇಡೀ ಕ್ಲಾಸು "ನಿಮ್ಮಮ್ಮ" ಎನ್ನುತ್ತಿತ್ತು.

ಒಂದು ಸಂಜೆ ಟಿವಿಯಲ್ಲಿ ಸುದ್ದಿ ಬಂತು. ದೂರದ ಯಾವುದೋ ಕಾಲೇಜಿಗೆ ಒಬ್ಬ ಚಾಕು ಹಿಡಿದು ನುಗ್ಗಿದ್ದ. ಅಮ್ಮ ಟಿವಿ ಆರಿಸಿದಳು.

"ನಾಳೆಯಿಂದ ಕಾಲೇಜು ಬೇಡ. ಅಂಗಡೀಲಿ ನನ್ನ ಪಕ್ಕ ಕೂತ್ಕೋ. ಓದಿದ್ದು ಸಾಕು."

ಆ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಮಗಳೊಬ್ಬಳೇ. ಆದರೂ ಅವಳು ಜಗಳಕ್ಕೆ ಹೋಗಲಿಲ್ಲ.

"ನಿನ್ನ ಅಂಗಡಿಗೆ ಬಾಗಿಲೇ ಇಲ್ಲ, ಬರೀ ಶಟರ್ರು. ನಮ್ಮ ಕ್ಲಾಸಿಗೆ ಒಳಗಿಂದ ಚಿಲಕ ಇದೆ."

"ತಮಾಷೆ ಮಾಡ್ಬೇಡ."

"ತಮಾಷೆ ಅಲ್ಲಮ್ಮ. ಮೊನ್ನೆ ಪೊಲೀಸರು ಬಂದು ಹೇಳಿಕೊಟ್ಟರು. ದಾರಿ ಇದ್ರೆ ಮೊದಲು ಓಡಿ ಹೋಗು, ಬ್ಯಾಗು ಗೀಗು ಅಂತ ನಿಲ್ಲಬೇಡ. ದಾರಿ ಇಲ್ದಿದ್ರೆ ಚಿಲಕ ಹಾಕು, ಬೆಂಚು ಅಡ್ಡ ಇಡು, ಲೈಟು ಆರಿಸು, ಬಾಗಿಲು ಕಿಟಕಿಯಿಂದ ದೂರ ಕೂತ್ಕೋ. ಮಾತಾಡಿದ್ರೆ ಅಪಾಯ ಇಲ್ಲ ಅನ್ನಿಸಿದ ಕೂಡಲೇ ಪೊಲೀಸರಿಗೆ ತಿಳಿಸು."

"ನನಗೆ ಯಾವಾಗ ತಿಳಿಸ್ತೀಯ? ನಾನಂತೂ ಫೋನ್ ಮಾಡ್ತಾನೇ ಇರ್ತೀನಿ. ನೀನು ಎತ್ತು, ಅಷ್ಟೇ."

ಮಗಳು ಎದ್ದು ನಿಂತು ಹೇಳಿದಳು, "ನಾನು ಮನೇಲೇ ಅಡಗಿಕೊಳ್ತೀನಿ. ನೀನು ಹುಡುಕು ನೋಡೋಣ."

"ಎಮ್ಮೆ ಹಾಗೆ ಬೆಳೆದಿದೀಯ, ಕಣ್ಣಾಮುಚ್ಚಾಲೆ ಬೇಕಂತೆ."

ಗೊಣಗುತ್ತಲೇ ಅಮ್ಮ ಮಂಚದ ಕೆಳಗೆ ಬಗ್ಗಿದಳು, ಬಾಗಿಲ ಹಿಂದೆ ನೋಡಿದಳು, ನೀರಿನ ಡ್ರಮ್ಮಿನ ಸಂದಿಗೂ ಇಣುಕಿದಳು. ಎರಡು ಕೋಣೆಯ ಮನೆಯಲ್ಲಿ ಮಗಳು ಸಿಗಲಿಲ್ಲ. ಸಾಕಾಗಿ, ಎಂದಿನಂತೆ ಫೋನ್ ಒತ್ತಿದಳು.

ಹೊಲಿಯಲು ಬಂದಿದ್ದ ಪರದೆಗಳ ರಾಶಿಯೊಳಗೆ ಕೋಳಿ ಕೂಗಿತು.

ಅಮ್ಮನಿಗೆ ನಗು ಬಂದದ್ದು ಅರ್ಧಕ್ಕೇ ನಿಂತಿತು. "ನಿನ್ನನ್ನ ನಾನೇ ತೋರಿಸಿಕೊಟ್ಟ ಹಾಗಾಯ್ತಲ್ಲೇ," ಎಂದಳು.

"ಆಗ ಫೋನು ಸೈಲೆಂಟ್ ಮಾಡ್ತೀನಿ. ಆದ್ರೆ ಗಾಬರೀಲಿ ಮರೆತುಹೋದ್ರೆ? ಅದಕ್ಕೇ ನೀನು ಫೋನ್ ಮಾಡ್ಬೇಡ, ನಾನೇ ಮೆಸೇಜ್ ಹಾಕ್ತೀನಿ. ಗೇಟಿನ ಹತ್ತಿರ ಓಡಿ ಬರಲೂಬೇಡ, ಆಂಬುಲೆನ್ಸಿಗೆ ದಾರಿ ಬೇಕು. ಕಾಲೇಜು ರಸ್ತೆ ತಿರುವಿನಲ್ಲಿರೋ ಗಡಿಯಾರದ ಅಂಗಡಿ ಮುಂದೆ ನಿಂತಿರು. ಅಲ್ಲಿಗೇ ಬರ್ತೀನಿ."

ಅಮ್ಮ ಮಾತು ಕೊಟ್ಟಳು. ಮರುದಿನ ಮಗಳು ಕಾಲೇಜಿಗೆ ಹೋದಳು.

ಪರೀಕ್ಷೆ ಹತ್ತಿರ ಬಂದಿದ್ದ ಒಂದು ಮಧ್ಯಾಹ್ನ ಪಕ್ಕದ ಇಸ್ತ್ರಿ ಅಂಗಡಿಯವನು ಓಡಿ ಬಂದ. ಅವನ ಮಗನೂ ಅದೇ ಕಾಲೇಜು.

"ತಂಗೀ, ಕಾಲೇಜಿಗೆ ಯಾರೋ ಚಾಕು ಹಿಡ್ಕೊಂಡು ನುಗ್ಗಿದಾನಂತೆ." ಅವನ ಕೈಯಲ್ಲಿ ಆಗಲೇ ಫೋನ್ ಇತ್ತು.

ಅಮ್ಮನ ಬೆರಳೂ ಮಗಳ ಹೆಸರಿನ ಮೇಲೆ ಹೋಗಿತ್ತು. ಆಗ ಪರದೆಯ ರಾಶಿಯೊಳಗಿನ ಕೋಳಿ ಕಿವಿಯಲ್ಲಿ ಕೂಗಿದಂತಾಯಿತು. ಬೆರಳು ಹಿಂದೆ ಬಂತು.

"ಅಣ್ಣಾ, ಫೋನ್ ಮಾಡ್ಬೇಡ."

"ಹೆತ್ತ ಮಗ ಕಣಮ್ಮ."

"ಅದಕ್ಕೇ ಬೇಡ. ಎಲ್ಲೋ ಅಡಗಿ ಕೂತಿದ್ರೆ ನಿನ್ನ ಫೋನೇ ಅವನನ್ನ ತೋರಿಸಿಕೊಡತ್ತೆ."

ಅವನು ಅವಳನ್ನೇ ನೋಡಿದ. ಆಮೇಲೆ ಫೋನನ್ನು ಜೇಬಿಗಿಳಿಸಿದ.

ಇಬ್ಬರೂ ಹೋಗಿ ಗಡಿಯಾರದ ಅಂಗಡಿಯ ಮುಂದೆ ನಿಂತರು. ಗಾಜಿನೊಳಗೆ ಒಂದೊಂದು ಗಡಿಯಾರ ಒಂದೊಂದು ಹೊತ್ತು ತೋರಿಸುತ್ತಿತ್ತು. ಯಾರೋ ಕಾಲೇಜಿನದಂತೆ ಎಂದು ವಿಡಿಯೊ ತೋರಿಸಲು ಬಂದರು. "ಖಚಿತ ಇಲ್ಲದ್ದನ್ನ ಹಂಚಬೇಡಪ್ಪ," ಎಂದು ಅಮ್ಮ ಮುಖ ತಿರುಗಿಸಿದಳು. ಆಮೇಲೆ ಅವಳ ಫೋನಿನಲ್ಲಿ ಬೆಳಕು ಮೂಡಿತು. ಮಗಳ ಮೆಸೇಜು.

"ಲೈಬ್ರರೀಲಿ ಇದೀವಿ. ಚಿಲಕ ಹಾಕಿದೀವಿ. ಇಸ್ತ್ರಿ ಮಾಮನ ಮಗನೂ ಇಲ್ಲೇ ಇದಾನೆ. ಫೋನ್ ಮಾಡ್ಬೇಡ."

ಪೊಲೀಸರು ಆ ಮನುಷ್ಯನನ್ನು ಹಿಡಿದ ಮೇಲೆ ಮಕ್ಕಳು ಹೊರಬಿದ್ದು ಗಡಿಯಾರದ ಅಂಗಡಿಗೆ ಬಂದರು. ಮಗಳ ಕಾಲಲ್ಲಿ ಒಂದೇ ಚಪ್ಪಲಿ.

"ಬ್ಯಾಗೆಲ್ಲೇ?"

"ಕ್ಲಾಸಲ್ಲೇ ಬಿಟ್ಟು ಓಡಿದೆ."

"ಒಳ್ಳೇದು ಮಾಡಿದೆ," ಎಂದಳು ಅಮ್ಮ. ಏನನ್ನಾದರೂ ಕಳೆದುಕೊಂಡು ಬಂದದ್ದಕ್ಕೆ ಅವಳು ಮಗಳನ್ನು ಹೊಗಳಿದ್ದು ಅದೇ ಮೊದಲು.

ಇಸ್ತ್ರಿಯವನ ಮಗ ಹೇಳಿದ: "ಯಾರೋ ಬಾಗಿಲು ಬಡಿದು ತೆಗೀರಿ ಅಂದ್ರು. ನಾವು ತೆಗೆಯೋಕೆ ಎದ್ದುಬಿಟ್ವಿ. ಈ ಅಕ್ಕ ಬಿಡಲಿಲ್ಲ. ಪೊಲೀಸರೇ ಅಂತ ಖಚಿತ ಆದ್ಮೇಲೇನೇ ಕೈ ಮೇಲೆತ್ತಿಕೊಂಡು ಬಂದ್ವಿ. ಆದ್ರೆ ಅಪ್ಪ, ನನ್ನ ಫೋನು ಸೈಲೆಂಟ್ ಮಾಡೋದು ಬಹಳ ಹೊತ್ತಿನ ಮೇಲೆ ನೆನಪಾಯ್ತು."

ಇಸ್ತ್ರಿಯವನ ಕೈ ಜೇಬಿನ ಮೇಲೆ ಹೋಯಿತು. ಅವನು ಅಮ್ಮನ ಕಡೆ ನೋಡಿದ. ಎರಡೂ ಕೈ ಜೋಡಿಸಿದ.

ಹಿಂದೆ ಬಂದ ಗೆಳತಿಯರ ಕಡೆ ತಿರುಗಿ ಮಗಳು ಹೇಳಿದಳು, "ಇವರೇ, ನಮ್ಮಮ್ಮ." ಆ ಮಾತಿಗೆ ಅಮ್ಮನ ಬೆನ್ನು ತಾನಾಗಿ ನೆಟ್ಟಗಾಯಿತು.

ಈಗ ಅಂಗಡಿಗೆ ಯಾರು ಬಂದರೂ ಅಮ್ಮ ಅಳತೆ ಟೇಪು ಕೊರಳಿಗೆ ಹಾಕಿಕೊಂಡು, "ಬಟ್ಟೆ ಆಮೇಲೆ, ಮೊದಲು ಇದನ್ನ ಕೇಳು," ಎಂದು ಶುರುಮಾಡುತ್ತಾಳೆ.

ನಿಮ್ಮ ಮನೆಯಿಂದಲೂ ಒಂದು ಮಗು ಕಾಲೇಜಿಗೆ ಹೋಗುತ್ತಿರಬಹುದು. ಹೆದರಿ ಓದು ಬಿಡಿಸಬೇಡಿ. ಹೊರಗೆ ಹೋಗುವ ದಾರಿ ಯಾವುದು, ಚಿಲಕ ಎಲ್ಲಿದೆ ಎಂದು ಕೇಳಿ. ಗಲಾಟೆಯಾದರೆ ಯಾರು ಮೊದಲು ಮೆಸೇಜ್ ಮಾಡಬೇಕು, ಎಲ್ಲಿ ಸೇರಬೇಕು ಎಂದು ಇವತ್ತೇ ಮನೆಮಂದಿಯೆಲ್ಲ ಕೂತು ಮಾತಾಡಿ. ಆ ಹೊತ್ತು ಬಂದರೆ ನಿಮ್ಮ ಮಗುವನ್ನು ನಂಬಿ, ಫೋನನ್ನು ಕೆಳಗಿಡಿ.